ಪುಟ್ಟ ಫೆಲನಾಪ್ಸಿಸ್ ಈಕ್ವೆಸ್ಟ್ರಿಸ್: ಎಲೆ ಜೋತುಬಿದ್ದಿದೆ, ನೀರು ಇನ್ನೂ ಜಾಸ್ತಿ ಹಾಕಬೇಕಾ?

ಹೊಸಚಿಗುರು:
ಎಲ್ಲರಿಗೂ ನಮಸ್ಕಾರ. ಐದು ತಿಂಗಳ ಹಿಂದೆ ಒಂದು ಪುಟ್ಟ ಆರ್ಕಿಡ್ ತಂದೆ. ಚೀಟಿಯಲ್ಲಿ ಫೆಲನಾಪ್ಸಿಸ್ ಈಕ್ವೆಸ್ಟ್ರಿಸ್ ಎಂದು ಬರೆದಿತ್ತು. ಬಂದಾಗ ಮೈತುಂಬ ಹೂ. ಒಂದೊಂದು ಹೂವೂ ಒಂದು ಅಂಗುಲ ಇರಬಹುದು ಅಷ್ಟೇ. ತಿಳಿ ಗುಲಾಬಿ ಬಣ್ಣ, ನಡುವಿನ ತುಟಿ ಮಾತ್ರ ಗಾಢ ನೇರಳೆ. ಇಡೀ ಗಿಡ ಅಂಗೈ ಮೇಲೆ ಕೂರುವಷ್ಟು ಚಿಕ್ಕದು.

ಈಗ ಒಂದು ತಿಂಗಳಿಂದ ಎಲೆ ಜೋತುಬಿದ್ದಿದೆ. ಮುಟ್ಟಿದರೆ ಹಳೇ ಚರ್ಮದ ಹಾಗೆ ಮೆತ್ತಗೆ ಮಡಿಚಿಕೊಳ್ಳುತ್ತದೆ. ಉದ್ದಕ್ಕೂ ಸುಕ್ಕು ಗೆರೆಗಳು. ನೀರು ಸಾಲುತ್ತಿಲ್ಲ ಅಂದುಕೊಂಡು, ವಾರಕ್ಕೆ ಎರಡು ಸಲ ಹಾಕುತ್ತಿದ್ದವಳು ದಿನಾ ಹಾಕಲು ಶುರು ಮಾಡಿದೆ. ಆದರೂ ಸುಧಾರಿಸಲಿಲ್ಲ, ಇನ್ನಷ್ಟು ಬಾಡಿತು. ಕುಂಡದಲ್ಲಿ ಮಣ್ಣಿಲ್ಲ, ಅದರ ಬದಲು ಒಣ ಪಾಚಿ (ಸ್ಫ್ಯಾಗ್ನಮ್ ಮಾಸ್) ತುಂಬಿ ಗಿಡ ನೆಟ್ಟಿದ್ದಾರೆ. ಹೂ ಎಲ್ಲ ಉದುರಿದೆ, ಆದರೆ ಹೂದಂಡು ಇನ್ನೂ ಹಸಿರಾಗಿದೆ, ತುದಿಯಲ್ಲಿ ಎರಡು ಸಣ್ಣ ಮೊಗ್ಗೂ ಇವೆ. ದಂಡು ಕತ್ತರಿಸಬೇಕಾ? ನೀರು ಇನ್ನೂ ಜಾಸ್ತಿ ಮಾಡಬೇಕಾ? ಈ ಗಿಡ ಸಾಯುವುದು ನನಗೆ ಇಷ್ಟವಿಲ್ಲ. ದಯವಿಟ್ಟು ಹೇಳಿ.

ಕಿಟಕಿತೋಟ:
ದಿನಾ ನೀರು ಹಾಕುವುದನ್ನು ಇವತ್ತೇ ನಿಲ್ಲಿಸಿ. ಪಾಚಿಯಲ್ಲಿರುವ ಗಿಡಕ್ಕೆ ದಿನಾ ನೀರು ಬೇಡವೇ ಬೇಡ. ಹೂದಂಡನ್ನು ಬುಡದಲ್ಲೇ ಕತ್ತರಿಸಿಬಿಡಿ. ನನ್ನ ದೊಡ್ಡ ಹೂವಿನ ಫೆಲನಾಪ್ಸಿಸ್‌ಗಳಿಗೆ ಹೂ ಮುಗಿದ ಮೇಲೆ ನಾನು ಹಾಗೇ ಮಾಡುತ್ತೇನೆ. ಚೆನ್ನಾಗಿ ಬರುತ್ತವೆ.

ಅಪ್ಪುಗಿಡ:
ಮೊದಲು ಕತ್ತರಿ ಪಕ್ಕಕ್ಕಿಡಿ. ದಂಡಿನ ವಿಷಯಕ್ಕೆ ಆಮೇಲೆ ಬರೋಣ. ಅದಕ್ಕಿಂತ ತುರ್ತಾದ ಕೆಲಸ ಕುಂಡದ ಒಳಗಿದೆ.

ನೀರು ಕಡಿಮೆಯಾದರೂ ಎಲೆ ಜೋಲುತ್ತದೆ, ನೀರು ಜಾಸ್ತಿಯಾಗಿ ಬೇರು ಕೊಳೆತರೂ ಎಲೆ ಜೋಲುತ್ತದೆ. ಎರಡರಲ್ಲೂ ಎಲೆಗೆ ನೀರು ಮುಟ್ಟುತ್ತಿಲ್ಲ. ಹಾಗಾಗಿ ಎಲೆ ನೋಡಿ ಏನೂ ಹೇಳಲಾಗದು. ಬೇರನ್ನೇ ನೋಡಬೇಕು. ಇವತ್ತು ಗಿಡವನ್ನು ಕುಂಡದಿಂದ ಹೊರಗೆ ತೆಗೆಯಿರಿ. ಹೆದರಬೇಡಿ, ಹೊರಗೆ ತೆಗೆದ ಮಾತ್ರಕ್ಕೆ ಆರ್ಕಿಡ್ ಸಾಯುವುದಿಲ್ಲ. ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಪಾಚಿಯನ್ನು ಎಳೆ ಎಳೆಯಾಗಿ ಬಿಡಿಸಿ. ಎಳೆದು ಕೀಳಬೇಡಿ.

ಆಮೇಲೆ ಒಂದೊಂದೇ ಬೇರನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿ. ಜೀವ ಇರುವ ಬೇರು ಗಟ್ಟಿಯಾಗಿರುತ್ತದೆ, ಬೆರಳಿಗೆ ಎದುರು ನಿಲ್ಲುತ್ತದೆ. ಸತ್ತ ಬೇರು ಒತ್ತಿದರೆ ಒಳಗೆ ಏನೂ ಇಲ್ಲದ ಹಾಗೆ ಚಪ್ಪಟೆಯಾಗುತ್ತದೆ, ಕಂದು ನೀರು ಬರುತ್ತದೆ. ಸ್ವಲ್ಪ ಎಳೆದರೆ ಮೇಲಿನ ಸಿಪ್ಪೆ ಹಾಗೇ ಜಾರಿ ಕೈಗೆ ಬಂದು, ಒಳಗೆ ದಾರದಂಥ ಒಂದು ನಾರು ಮಾತ್ರ ಉಳಿಯುತ್ತದೆ. ಆ ನಾರು ಕಂಡರೆ ಅಷ್ಟು ಭಾಗ ಮುಗಿದಿದೆ ಎಂದೇ ಅರ್ಥ. ಬಣ್ಣವನ್ನು ಮಾತ್ರ ನಂಬಬೇಡಿ. ಪಾಚಿಯ ಕಲೆ ಹಿಡಿದು ಕಂದಾದ ಬೇರೂ ಒಳಗೆ ಗಟ್ಟಿ ಇರುವುದುಂಟು. ಕಣ್ಣಿಗಿಂತ ಬೆರಳನ್ನು ನಂಬಿ.

ಎಷ್ಟು ಬೇರು ಉಳಿದಿವೆ ಎಂದು ಎಣಿಸಿ ಇಲ್ಲಿ ಬರೆಯಿರಿ. ಸುಳಿಯೂ ನೋಡಿ, ಅಂದರೆ ಹೊಸ ಎಲೆ ಹುಟ್ಟುವ ನಡುಭಾಗ. ಗಟ್ಟಿಯಾಗಿ ಹಸಿರಾಗಿದೆಯಾ?

ಹೊಸಚಿಗುರು:
ತೆಗೆದೆ. ನೋಡಿ ಬೇಜಾರಾಯಿತು. ಹೊರಗಡೆ ಪಾಚಿ ಚೆನ್ನಾಗಿಯೇ ಇತ್ತು. ಆದರೆ ನಡುವೆ, ಗಿಡದ ಬುಡಕ್ಕೆ ಒತ್ತಿಕೊಂಡು, ಹಳೇ ಪಾಚಿಯ ಗಟ್ಟಿ ಉಂಡೆ ಒಂದಿತ್ತು. ಹಿಂಡಿದರೆ ನೀರು ಸುರಿಯಿತು, ಕೆಟ್ಟ ವಾಸನೆ. ನೀವು ಹೇಳಿದ ಹಾಗೇ ಸಿಪ್ಪೆ ಜಾರಿ ನಾರು ಉಳಿಯಿತು. ಒಟ್ಟು ಹನ್ನೊಂದು ಬೇರಿನಲ್ಲಿ ಗಟ್ಟಿ ಇರುವುದು ಮೂರು. ಅದರಲ್ಲಿ ಒಂದು ಕುಂಡದ ಹೊರಗೆ ಗಾಳಿಯಲ್ಲಿ ನೇತಾಡುತ್ತಿದ್ದದ್ದು. ಸುಳಿ ಗಟ್ಟಿ ಇದೆ, ಬೆರಳುದ್ದದ ಹೊಸ ಎಲೆಯೂ ಇದೆ.

ಅಪ್ಪುಗಿಡ:
ಸುಳಿ ಗಟ್ಟಿ, ಮೂರು ಬೇರು ಜೀವಂತ. ಗಿಡ ಉಳಿಯುತ್ತದೆ. ಒಂದೇ ಬೇರಿನಿಂದ ಚೇತರಿಸಿಕೊಂಡದ್ದನ್ನು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ.

ಗಾಳಿಯಲ್ಲಿ ನೇತಾಡುತ್ತಿದ್ದ ಬೇರು ಉಳಿದುಕೊಂಡಿದೆ ಅಂದಿರಲ್ಲ, ಆ ಬೇರೇ ನಿಮಗೆ ಉತ್ತರ ಹೇಳುತ್ತಿದೆ. ಇದು ಫಿಲಿಪ್ಪೀನ್ಸ್ ಮತ್ತು ತೈವಾನ್ ಕಡೆಯ ಗಿಡ. ಸಮುದ್ರ ಮಟ್ಟದಿಂದ ಸುಮಾರು 300 ಮೀಟರ್ ಎತ್ತರದವರೆಗಿನ ಕಾಡಿನಲ್ಲಿ, ಹೊಳೆ ಬದಿಯ ಮರಗಳ ಮೇಲೆ ಬೆಳೆಯುತ್ತದೆ. ಬಂದಳಿಕೆ ಅಲ್ಲ, ಮರದ ರಸ ಕುಡಿಯುವುದಿಲ್ಲ. ತೊಗಟೆಗೆ ಬೇರು ಅಂಟಿಸಿಕೊಂಡು ಕೂತಿರುತ್ತದೆ ಅಷ್ಟೇ. ಮಳೆ ಬಂದಾಗ ಬೇರು ತೊಯ್ದು ತೊಪ್ಪೆಯಾಗುತ್ತದೆ. ಮಳೆ ನಿಂತರೆ ಗಾಳಿಗೆ ಬೇಗ ಒಣಗುತ್ತದೆ. ಮತ್ತೆ ಮಳೆ, ಮತ್ತೆ ಗಾಳಿ. ನೀರಿನಷ್ಟೇ ಗಾಳಿಯೂ ಬೇಕು ಅದಕ್ಕೆ.

ಬೇರಿನ ಮೇಲೆ ಬೆಂಡಿನಂಥ ಹೊದಿಕೆ ಇದೆಯಲ್ಲ, ಅದಕ್ಕೆ ವೆಲಮೆನ್ ಎನ್ನುತ್ತಾರೆ. ಅದು ಸತ್ತ ಕೋಶಗಳ ಪದರ, ಸ್ಪಂಜಿನ ಹಾಗೆ ಕೆಲಸ ಮಾಡುತ್ತದೆ. ಒಣಗಿದಾಗ ಅದರೊಳಗೆ ಗಾಳಿ ತುಂಬಿರುತ್ತದೆ, ಅದಕ್ಕೇ ಬೆಳ್ಳಿ ಬಣ್ಣ. ನೀರು ಬಿದ್ದರೆ ಹೀರಿಕೊಂಡು ಗಾಜಿನ ಹಾಗಾಗುತ್ತದೆ, ಒಳಗಿನ ಹಸಿರು ಹೊರಗೆ ಕಾಣುತ್ತದೆ. ಒಂದು ಸಲ ನೀರು ಹಾಕುವಾಗ ಪಕ್ಕದಲ್ಲೇ ನಿಂತು ನೋಡಿ. ಬೆಳ್ಳಿ ಬೇರಿನ ಮೇಲೆ ಹಸಿರು ಹರಡಿಕೊಂಡು ಹೋಗುವುದು ಕಣ್ಣೆದುರೇ ಕಾಣುತ್ತದೆ. ಹನ್ನೆರಡು ವರ್ಷದಿಂದ ಈ ಗಿಡ ಬೆಳೆಸುತ್ತಿದ್ದೇನೆ, ಈಗಲೂ ನಿಂತು ನೋಡುತ್ತೇನೆ.

ಆ ಸ್ಪಂಜು ಸದಾ ನೀರು ತುಂಬಿಕೊಂಡೇ ಇದ್ದರೆ ಒಳಗಿನ ಜೀವಂತ ಭಾಗಕ್ಕೆ ಗಾಳಿ ಸಿಗುವುದಿಲ್ಲ. ಉಸಿರುಗಟ್ಟಿ ಸಾಯುತ್ತದೆ, ಆಮೇಲೆ ಕೊಳೆ ಹತ್ತುತ್ತದೆ. ನಿಮ್ಮ ಗಿಡ ನೀರಿನ ನಡುವೆ ಕೂತು ಬಾಯಾರಿದೆ.

ಈಗ ಮಾಡಬೇಕಾದ್ದು ಇಷ್ಟು. ಸತ್ತ ಬೇರನ್ನು ಕತ್ತರಿಸಿ. ಕತ್ತರಿಯ ಬಾಯಿಯನ್ನು ಮೊದಲು ಬೆಂಕಿಯಲ್ಲಿ ಕಾಯಿಸಿ, ಆರಲು ಬಿಡಿ. ಆರ್ಕಿಡ್‌ಗೆ ಬರುವ ವೈರಸ್‌ಗಳು ಕತ್ತರಿಯ ಮೂಲಕವೂ ಗಿಡದಿಂದ ಗಿಡಕ್ಕೆ ಹೋಗುತ್ತವೆ, ಅವಕ್ಕೆ ಔಷಧಿ ಇಲ್ಲ. ಕತ್ತರಿಸಿದ ಜಾಗ ಒಂದು ದಿನ ನೆರಳಲ್ಲಿ ಒಣಗಲಿ. ಆಮೇಲೆ ಉಳಿದ ಬೇರು ಹಿಡಿಸುವಷ್ಟು ಸಣ್ಣ ಕುಂಡ, ಎರಡೂವರೆ ಅಂಗುಲದ್ದು ಸಾಕು. ಸೀ-ಥ್ರೂ ಪ್ಲಾಸ್ಟಿಕ್ ಆದರೆ ಇನ್ನೂ ಒಳ್ಳೆಯದು, ಬೇರಿನ ಬಣ್ಣ ಹೊರಗಿಂದಲೇ ಕಾಣುತ್ತದೆ. ಕೆಳಗೂ ಪಕ್ಕದಲ್ಲೂ ತೂತು ಇರಲಿ. ಸಣ್ಣ ತೊಗಟೆ ಚೂರು, ಜೊತೆಗೆ ಒಂದಿಷ್ಟು ಇದ್ದಿಲ ಚೂರು ತುಂಬಿ. ಹೊಸ ಬೇರು ಬರುವವರೆಗೆ ಗೊಬ್ಬರ ಬೇಡ.

ಮಣ್ಣಿಲ್ಲದತೋಟ:
ಅಪ್ಪುಗಿಡ ಮೇಡಂ, ಒಂದು ಮಾತು. ಮೂರೇ ಬೇರಿರುವ ಗಿಡಕ್ಕೆ ಬರೀ ತೊಗಟೆ ಹಾಕಿದರೆ ಬೇಗ ಒಣಗಿಬಿಡುತ್ತದೆ ಅಲ್ವಾ? ನಾನು ಹತ್ತು ಹದಿನೈದು ಗಿಡ ಸ್ಫ್ಯಾಗ್ನಮ್ ಪಾಚಿಯಲ್ಲೇ ಬೆಳೆಸುತ್ತೇನೆ. ಒಂದಕ್ಕೂ ಬೇರು ಕೊಳೆತಿಲ್ಲ. ತಪ್ಪು ಪಾಚಿಯದ್ದಲ್ಲ, ಅದನ್ನು ತುರುಕಿದ ರೀತಿಯದ್ದು. ಒಣ ಪಾಚಿ ನೆನೆಸಿ, ಚೆನ್ನಾಗಿ ಹಿಂಡಿ, ಕೈಯಲ್ಲಿ ಕೊಡವಿ ಹಗುರ ಮಾಡಿ ಬೇರಿನ ಸುತ್ತ ಸಡಿಲವಾಗಿ ಇಡಬೇಕು. ಬೆರಳು ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರಬೇಕು. ಆಗ ಅದರೊಳಗೂ ಗಾಳಿ ಇರುತ್ತದೆ.

ಅಪ್ಪುಗಿಡ:
ಒಪ್ಪಿದೆ. ನಿಮ್ಮ ಕೈಯಲ್ಲಿ ಪಾಚಿ ಸರಿ. ಆದರೆ ಹೊಸಬರ ಕೈಯಲ್ಲಿ ಪಾಚಿ ಕೊಟ್ಟರೆ ಮೇಲ್ಭಾಗ ಒಣಗಿದ್ದು ಕಂಡು ನೀರು ಹಾಕುತ್ತಾರೆ, ಅದೇ ಹೊತ್ತಲ್ಲಿ ನಡುವೆ ಇನ್ನೂ ಒದ್ದೆ ಇರುತ್ತದೆ. ತೊಗಟೆಯಲ್ಲಿ ಅಂಥ ತಪ್ಪಿಗೆ ಸ್ವಲ್ಪ ಕ್ಷಮೆ ಇದೆ. ನಡುವಿನ ದಾರಿ: ತೊಗಟೆ ತುಂಬಿ, ಬೇರಿರುವ ಕಡೆ ಮಾತ್ರ ಒಂದು ಚಿಟಿಕೆ ಸಡಿಲ ಪಾಚಿ. ಮೊದಲ ಕೆಲವು ವಾರ ಗಿಡವನ್ನು ಒಂದು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಅರ್ಧ ತೆರೆದು ಇಟ್ಟರೆ ಎಲೆಯಿಂದ ನೀರು ಆರುವುದು ಕಡಿಮೆಯಾಗುತ್ತದೆ. ಬಿಸಿಲು ಮಾತ್ರ ಚೀಲಕ್ಕೆ ತಾಗಬಾರದು, ಒಳಗೆ ಬೆಂದುಹೋಗುತ್ತದೆ.

ನೀರು ಯಾವಾಗ ಎಂದು ಕೇಳುತ್ತೀರಿ. ದಿನ ಎಣಿಸಬೇಡಿ, ಕುಂಡ ಎತ್ತಿ ನೋಡಿ. ನೀರು ಹಾಕಿದ ಕೂಡಲೇ ಒಮ್ಮೆ ಎತ್ತಿ, ಆ ಭಾರ ಕೈಗೆ ಗೊತ್ತಾಗಲಿ. ಹಗುರವಾಗಿ, ಒಳಗಿನ ಬೇರು ಬೆಳ್ಳಗಾದ ಮೇಲೆ ಮತ್ತೆ ಹಾಕಿ. ಹಾಕಿದರೆ ಧಾರಾಳವಾಗಿ, ತಳದಿಂದ ಹರಿದುಹೋಗುವಷ್ಟು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಬೆಳಗ್ಗೆಯೇ ಹಾಕಿ, ಸುಳಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಹೀರಿ ತೆಗೆಯಿರಿ. ಈ ಜಾತಿ ಒಂದೇ ತುದಿಯಿಂದ ಬೆಳೆಯುತ್ತದೆ. ಸುಳಿ ಕೊಳೆತರೆ ಮೇಲೆ ಬೆಳೆಯಲು ಅದಕ್ಕೆ ಬೇರೆ ಜಾಗವಿಲ್ಲ, ಬುಡದಿಂದ ಮರಿ ಬಂದರೆ ಮಾತ್ರ ಉಂಟು.

ಹೊಸಚಿಗುರು:
ನೀವು ಹೇಳಿದ ಹಾಗೇ ಮಾಡಿದೆ ಅಕ್ಕ. ಗಿಡ ಅಲ್ಲಾಡುತ್ತಿತ್ತು, ಒಂದು ಕಡ್ಡಿ ನೆಟ್ಟು ದಾರದಲ್ಲಿ ಸಡಿಲವಾಗಿ ಕಟ್ಟಿದ್ದೇನೆ. ಹೂದಂಡಿನ ವಿಷಯ?

ಅಪ್ಪುಗಿಡ:
ಕಡ್ಡಿ ಕಟ್ಟಿದ್ದು ಬಹಳ ಒಳ್ಳೆಯದಾಯಿತು. ಅಲ್ಲಾಡುವ ಗಿಡದ ಹೊಸ ಬೇರಿನ ತುದಿ ಉಜ್ಜಿ ಹಾಳಾಗುತ್ತದೆ.

ದಂಡು ಕತ್ತರಿಸಬೇಡಿ. ದೊಡ್ಡ ಹೂವಿನ ಹೈಬ್ರಿಡ್‌ಗಳಿಗೆ ಕಿಟಕಿತೋಟ ಹೇಳಿದ್ದು ಸರಿ, ಅಲ್ಲಿ ಕತ್ತರಿಸುವವರೇ ಜಾಸ್ತಿ. ಈಕ್ವೆಸ್ಟ್ರಿಸ್ ಹಾಗಲ್ಲ. ಇದರ ದಂಡು ಹಸಿರಾಗಿ ಇರುವವರೆಗೂ ತುದಿಯಿಂದ ಹೊಸ ಮೊಗ್ಗು ಬಿಡುತ್ತಲೇ ಹೋಗುತ್ತದೆ, ಗಿಣ್ಣಿನಿಂದ ಕವಲು ಒಡೆಯುತ್ತದೆ. ನನ್ನ ಹಳೇ ಗಿಡದಲ್ಲಿ ಒಂದೇ ದಂಡು ಎರಡು ವರ್ಷಕ್ಕೂ ಮೇಲೆ ಹೂ ಕೊಟ್ಟಿದೆ. ತಾನಾಗಿ ಹಳದಿಯಾಗಿ ಒಣಗಿದ ಮೇಲೆ ಮಾತ್ರ ಕತ್ತರಿಸಬೇಕು.

ಆದರೆ ನಿಮ್ಮ ಗಿಡ ಈಗ ನಿತ್ರಾಣವಾಗಿದೆ. ಆ ಎರಡು ಮೊಗ್ಗನ್ನು ಉಗುರಿನಿಂದ ಚಿವುಟಿ. ಬೇಜಾರಾಗುತ್ತದೆ, ಗೊತ್ತು. ಮೂರು ಬೇರಿನ ಮೇಲೆ ಹೂವಿನ ಹೊರೆ ಹೊರಿಸುವುದು ಬೇಡ. ದಂಡು ಇರಲಿ. ಈ ಜಾತಿ ದಂಡಿನ ಗಿಣ್ಣಿನಲ್ಲಿ ಮರಿ ಇಡುವುದರಲ್ಲಿ ಎತ್ತಿದ ಕೈ. ತಾಯಿ ಗಿಡಕ್ಕೆ ಏನಾದರೂ ಆದರೆ ಮರಿಯಾದರೂ ಸಿಗುತ್ತದೆ.

ಕಿಟಕಿತೋಟ:
ನನಗೆ ಇದು ಗೊತ್ತಿರಲಿಲ್ಲ. ನನ್ನ ಹತ್ತಿರವೂ ಒಂದು ಸಣ್ಣ ಹೂವಿನದ್ದು ಇದೆ, ಪ್ರತಿ ಸಲ ಬುಡಕ್ಕೇ ಕತ್ತರಿಸುತ್ತಿದ್ದೆ. ಇನ್ನು ಮೇಲೆ ಬಿಡುತ್ತೇನೆ. ಹೊಸಚಿಗುರು ಅವರೇ, ತಪ್ಪು ಸಲಹೆ ಕೊಟ್ಟೆ, ಕ್ಷಮಿಸಿ.

ಬೆಳಕಿನ ಬಗ್ಗೆ ಯಾರೂ ಕೇಳಲಿಲ್ಲ. ಗಿಡ ಎಲ್ಲಿಟ್ಟಿದ್ದೀರಿ?

ಹೊಸಚಿಗುರು:
ಕ್ಷಮೆ ಯಾಕೆ, ನಾನಿನ್ನೂ ಕತ್ತರಿಸಿರಲಿಲ್ಲವಲ್ಲ! ಪೂರ್ವದ ಕಿಟಕಿ ಪಕ್ಕ, ಒಂದು ಮೇಜಿನ ಮೇಲೆ. ಬೆಳಗ್ಗೆ ಒಂದು ಗಂಟೆ ಎಳೆ ಬಿಸಿಲು ಬೀಳುತ್ತದೆ. ಅದೇ ಮೇಜಿನ ಮೇಲೆ ಹಣ್ಣಿನ ಬುಟ್ಟಿಯೂ ಇದೆ.

ಮಣ್ಣಿಲ್ಲದತೋಟ:
ಜಾಗ ಚೆನ್ನಾಗಿದೆ. ಹಣ್ಣಿನ ಬುಟ್ಟಿ ಮಾತ್ರ ಬೇರೆ ಕಡೆ ಇಡಿ. ಹಣ್ಣು ಮಾಗುವಾಗ ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಅದು ತಾಗಿದರೆ ಮೊಗ್ಗು ಹಳದಿಯಾಗಿ ಉದುರುತ್ತದೆ. ಎಷ್ಟೋ ಜನ ಕಾರಣ ಗೊತ್ತಾಗದೆ ಗೊಬ್ಬರ ಬದಲಾಯಿಸುತ್ತಾ ಇರುತ್ತಾರೆ.

ಬೆಳಕು ಸಾಕಾ ಎಂದು ನೋಡಲು, ಬೆಳಕು ಜೋರಾಗಿರುವ ಹೊತ್ತಲ್ಲಿ ಎಲೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳು ಬೀಳಬೇಕು, ಆದರೆ ಅಂಚು ಮಸುಕಾಗಿರಬೇಕು. ಗೆರೆ ಎಳೆದಂಥ ನೆರಳಾದರೆ ಬಿಸಿಲು ಜಾಸ್ತಿ. ನೆರಳೇ ಇಲ್ಲದಿದ್ದರೆ ಬೆಳಕು ಸಾಲದು. ಲಕ್ಸ್ ಮೀಟರ್ ಇದ್ದವರಿಗೆ, 10,000ದಿಂದ 15,000 ಲಕ್ಸ್ ಒಳ್ಳೆಯ ಅಳತೆ. ಎಲೆ ಕಡು ಹಸಿರಾಗಿ ಚೆಂದ ಕಂಡರೆ ಬೆಳಕು ಕಡಿಮೆ ಎಂದರ್ಥ. ಸ್ವಲ್ಪ ತಿಳಿ ಹಸಿರಿಗೆ ತಿರುಗಿದ ಎಲೆಯೇ ಹೂ ಕೊಡುವುದು.

ಬಿಸಿಯ ವಿಷಯಕ್ಕೆ ಬಂದರೆ, ಹಗಲು 24ರಿಂದ 30 ಡಿಗ್ರಿ ಸೆಲ್ಸಿಯಸ್, ರಾತ್ರಿ 18ರಿಂದ 20 ಇದ್ದರೆ ಇದಕ್ಕೆ ಸುಖ. ರಾತ್ರಿ 15ಕ್ಕಿಂತ ಕೆಳಗೆ ಇಳಿದರೆ ಕಿಟಕಿಯಿಂದ ಒಳಗೆ ತನ್ನಿ, ಆ ದಿನಗಳಲ್ಲಿ ನೀರೂ ಕಡಿಮೆ. ರಾತ್ರಿ ಎಲ್ಲ ಬಾಗಿಲು ಬಿಗಿಯಾಗಿ ಮುಚ್ಚಿದ ಕೋಣೆಗಿಂತ ಸ್ವಲ್ಪ ಗಾಳಿಯಾಡುವ ಕಡೆ ಒಳ್ಳೆಯದು. ಈ ಗಿಡದ ಎಲೆ ಹೊರಗಿನ ಗಾಳಿಯನ್ನು ಒಳಗೆ ತೆಗೆದುಕೊಳ್ಳುವುದು ಮುಖ್ಯವಾಗಿ ರಾತ್ರಿ. ಹಗಲಲ್ಲಿ ನೀರು ಆರಿಹೋಗದಿರಲಿ ಎಂದು ಎಲೆಯ ರಂಧ್ರ ಮುಚ್ಚಿಕೊಂಡಿರುತ್ತದೆ. ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಂಡು, ಆಮ್ಲವಾಗಿ ಕೂಡಿಟ್ಟು, ಮಾರನೇ ದಿನ ಬೆಳಕು ಬಂದಾಗ ಆಹಾರ ಮಾಡಿಕೊಳ್ಳುತ್ತದೆ. ಕಳ್ಳಿ ಗಿಡಗಳ ದಾರಿಯೂ ಇದೇ.

ಸುಳಿಎಲೆ:
ಇಲ್ಲಿಯವರೆಗೆ ಓದುತ್ತಾ ಬಂದೆ. ಈ ಪುಟ್ಟ ಗಿಡದ ಹಿನ್ನೆಲೆಯೂ ಸ್ವಲ್ಪ ಹೇಳಬೇಕು ಅನಿಸಿತು.

1843ರಲ್ಲಿ ಷಾವರ್ ಎಂಬ ಸಸ್ಯಶಾಸ್ತ್ರಜ್ಞ ಇದನ್ನು ಬೇರೆ ಕುಲಕ್ಕೆ ಸೇರಿಸಿ ಸ್ಟಾರೊಗ್ಲಾಟಿಸ್ ಈಕ್ವೆಸ್ಟ್ರಿಸ್ ಎಂದು ಹೆಸರಿಟ್ಟರು. ಆಮೇಲೆ ರೈಷನ್‌ಬಾಖ್ ಫೆಲನಾಪ್ಸಿಸ್‌ಗೆ ತಂದರು. ಮನುಷ್ಯರು ಬೇಕೆಂದೇ ಪರಾಗ ಸೇರಿಸಿ ಮಾಡಿದ ಮೊದಲ ಫೆಲನಾಪ್ಸಿಸ್ ಹೈಬ್ರಿಡ್ ಇಂಗ್ಲೆಂಡಿನ ವೀಚ್ ನರ್ಸರಿಯಲ್ಲಿ 1886ರಲ್ಲಿ ಹೂ ಬಿಟ್ಟಿತು. ಅದರ ತಂದೆ ತಾಯಿಯಲ್ಲಿ ಒಂದು ಬಿಳಿ ಹೂವಿನ ಅಫ್ರೋಡೈಟ್, ಇನ್ನೊಂದು ಇದೇ ಈಕ್ವೆಸ್ಟ್ರಿಸ್. ಇವತ್ತು ಒಂದು ದಂಡಿನಲ್ಲಿ ಮೂವತ್ತು ನಲವತ್ತು ಪುಟ್ಟ ಹೂ ಬಿಡುವ ಫೆಲನಾಪ್ಸಿಸ್ ಕಂಡರೆ, ಅದರ ವಂಶದಲ್ಲಿ ಬಹುತೇಕ ಈಕ್ವೆಸ್ಟ್ರಿಸ್ ಇದ್ದೇ ಇರುತ್ತದೆ. ಆರ್ಕಿಡ್‌ಗಳಲ್ಲಿ ಮೊದಲು ಪೂರ್ತಿ ಜೀನೋಮ್ (ಇಡೀ ವಂಶವಾಹಿ ಮಾಹಿತಿ) ಓದಿದ್ದೂ ಇದರದ್ದೇ, ಅದು 2015ರ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂತು. ನಿಮ್ಮ ಅಂಗೈ ಮೇಲಿರುವುದು ಅಂಥ ಗಿಡ.

ಕೊಳ್ಳುವವರು ಒಂದು ವಿಷಯ ಗಮನಿಸಿ. ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ್ದನ್ನೇ ಕೊಳ್ಳಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರದ ಗಂಟು ಇಲ್ಲ. ಕಾಡಿನಲ್ಲಿ ಒಂದು ಶಿಲೀಂಧ್ರದ ನೆರವಿಲ್ಲದೆ ಮೊಳೆಯುವುದಿಲ್ಲ. 1922ರಲ್ಲಿ ನಡ್ಸನ್ ಎಂಬ ವಿಜ್ಞಾನಿ ಸಕ್ಕರೆ ಬೆರೆಸಿದ ಅಗರ್ ಎಂಬ ಜೆಲ್ಲಿಯಲ್ಲಿ ಶಿಲೀಂಧ್ರವೇ ಇಲ್ಲದೆ ಮೊಳೆಸಿ ತೋರಿಸಿದರು. ಆಮೇಲೆ ಗಾಜಿನ ಸೀಸೆಯಲ್ಲಿ ಸಾವಿರಗಟ್ಟಲೆ ಸಸಿ ಮಾಡುವುದು ಸಾಧ್ಯವಾಯಿತು. ಹೀಗಿರುವಾಗ ಕಾಡಿನಿಂದ ಕಿತ್ತ ಗಿಡ ನಮಗೆ ಯಾಕೆ ಬೇಕು? ಕಾಡಿನಲ್ಲಿ ಅದು ಕಡಿಮೆಯಾಗುತ್ತಾ ಬಂದಿರುವುದಕ್ಕೆ ಕೀಳುವ ಕೈಗಳೂ ಕಾರಣ. ಆರ್ಕಿಡ್‌ಗಳ ಇಡೀ ಕುಟುಂಬ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ, ಅಂದರೆ ಕಾಡಿನ ಗಿಡ ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಮಾರುವುದನ್ನು ನಿಯಂತ್ರಿಸುವ ಒಪ್ಪಂದ. ಸೀಸೆಯಲ್ಲಿ ಬೆಳೆದ ಗಿಡದ ಎಲೆ ಶುಭ್ರವಾಗಿ, ಬೇರು ಕುಂಡದ ಆಕಾರಕ್ಕೆ ಸುತ್ತಿಕೊಂಡಿರುತ್ತದೆ. ಕಿತ್ತು ತಂದದ್ದರ ಬೇರು ಚಪ್ಪಟೆಯಾಗಿ, ಕಡಿದ ತುದಿಗಳಲ್ಲಿ ತೊಗಟೆ ಅಂಟಿರುವುದುಂಟು.

ಹೊಸಚಿಗುರು:
ಇದೆಲ್ಲ ಗೊತ್ತಿರಲಿಲ್ಲ, ಓದಿ ಗಿಡವನ್ನು ಮತ್ತೊಮ್ಮೆ ಹೋಗಿ ನೋಡಿಬಂದೆ.

ಇನ್ನೊಂದು ಕಂಡೆ. ಎಲೆ ಬುಡದ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ. ಮುಟ್ಟಿದರೆ ಅಂಟು.

ಮಣ್ಣಿಲ್ಲದತೋಟ:
ಹಿಟ್ಟು ತಿಗಣೆ. 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿಕಡ್ಡಿ ಅದ್ದಿ ಒಂದೊಂದನ್ನೂ ಒರೆಸಿ. ಸುಳಿಯೊಳಗೆ ಸುರಿಯಬೇಡಿ. ವಾರಕ್ಕೊಮ್ಮೆಯಂತೆ ನಾಲ್ಕು ವಾರ ಬಿಡದೆ ಮಾಡಿ, ಮೊಟ್ಟೆಯಿಂದ ಮತ್ತೆ ಬರುತ್ತವೆ. ಅಲ್ಲಿಯವರೆಗೆ ಬೇರೆ ಗಿಡಗಳಿಂದ ದೂರ ಇಡಿ.

ಹೊಸಚಿಗುರು (ಏಳು ವಾರದ ನಂತರ):
ಅಕ್ಕ, ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ತಿಗಣೆ ಹೋಯಿತು. ಮೊದಲ ಮೂರು ವಾರ ಏನೂ ಆಗಲಿಲ್ಲ, ಕೆಳಗಿನ ಒಂದು ಎಲೆ ಹಳದಿಯಾಗಿ ಉದುರಿತು. ದಿನಾ ನೀರು ಹಾಕಬೇಕು ಅನಿಸುತ್ತಿತ್ತು, ಕುಂಡ ಎತ್ತಿ ನೋಡಿ ಸುಮ್ನೆ ಇಟ್ಟುಬಿಡುತ್ತಿದ್ದೆ. ಐದನೇ ವಾರ ಬುಡದ ಎಲೆಯ ಕೆಳಗೆ ಒಂದು ಉಬ್ಬು ಬಂತು. ಈಗ ಅದು ಒಂದು ಅಂಗುಲ ಉದ್ದ. ಬೆಳ್ಳಿ ಬಣ್ಣ, ತುದಿ ಮಾತ್ರ ಹೊಳೆಯುವ ಹಸಿರು, ಅದರಲ್ಲೂ ಸ್ವಲ್ಪ ಕೆಂಪು ಛಾಯೆ. ಬೇರೇ ಅಲ್ವಾ? ಅಥವಾ ಹೊಸ ಹೂದಂಡಾ?

ಹಳೇ ಹೂದಂಡಿನ ಎರಡನೇ ಗಿಣ್ಣಿನಲ್ಲೂ ಏನೋ ಮೊಳೆತಿದೆ. ಎರಡು ಪುಟ್ಟ ಎಲೆ ಎದುರುಬದುರಾಗಿ ಕೈಮುಗಿದ ಹಾಗೆ ಕಾಣುತ್ತಿವೆ.

ಅಪ್ಪುಗಿಡ:
ತುದಿ ದುಂಡಾಗಿ ಹೊಳೆಯುತ್ತಿದ್ದರೆ ಬೇರು. ಹೂದಂಡಿನ ತುದಿ ಚಪ್ಪಟೆಯಾಗಿ ಚೂಪಾಗಿರುತ್ತದೆ, ಮೇಲೆ ಸಣ್ಣ ಹೊದಿಕೆ ಮುಚ್ಚಿರುತ್ತದೆ. ನೀವು ಬರೆದ ಪ್ರಕಾರ ಬೇರೇ. ಓದಿ ತುಂಬ ಖುಷಿಯಾಯಿತು.

ಇನ್ನು ಗೊಬ್ಬರ ಶುರು ಮಾಡಬಹುದು. ಡಬ್ಬಿಯ ಮೇಲೆ ಬರೆದ ಅಳತೆಯ ಕಾಲು ಭಾಗ ಮಾತ್ರ, ಬೇರು ಒದ್ದೆ ಇರುವಾಗಲೇ ಕೊಡಿ. ಮೂರು ಸಲ ಗೊಬ್ಬರದ ನೀರು, ನಾಲ್ಕನೇ ಸಲ ಬರೀ ನೀರು ಧಾರಾಳವಾಗಿ ಹಾಯಿಸಿ, ಇಲ್ಲದಿದ್ದರೆ ಉಪ್ಪು ಕೂತು ಬೇರಿನ ತುದಿ ಸುಡುತ್ತದೆ.

ಗಿಣ್ಣಿನಲ್ಲಿರುವುದು ಮರಿ. ಹವಾಯಿಯ ಮಾತಲ್ಲಿ ಇದಕ್ಕೆ ಕೇಕಿ ಎನ್ನುತ್ತಾರೆ, ಹಾಗೆಂದರೆ ಮಗು. ಬಿಡಿಸಲು ಅವಸರ ಬೇಡ. ಅದಕ್ಕೆ ಸ್ವಂತ ಬೇರು ಎರಡು ಮೂರಾದರೂ ಬರಬೇಕು, ಒಂದೊಂದೂ ಎರಡು ಅಂಗುಲ ದಾಟಬೇಕು. ತಿಂಗಳುಗಟ್ಟಲೆ ಆಗಬಹುದು. ನೀರು ಹಾಕುವಾಗ ಮರಿಯ ಬೇರಿಗೂ ಒಂದಿಷ್ಟು ಚಿಮುಕಿಸಿ. ನಾನಂತೂ ಬಿಡಿಸುವುದೇ ಇಲ್ಲ. ತಾಯಿಯ ಜೊತೆಗೇ ಬಿಟ್ಟರೆ ಮರಿಯೂ ಅಲ್ಲೇ ದಂಡು ಹಾಕಿ, ಒಂದೇ ಕುಂಡದಿಂದ ನಾಲ್ಕೈದು ಕಡೆ ಹೂ ಬರುತ್ತದೆ.

ಹೊಸಚಿಗುರು:
ಹಾಗಾದರೆ ನಾನೂ ಬಿಡಿಸುವುದಿಲ್ಲ. ದಂಡು ಮರಿಯ ಭಾರಕ್ಕೆ ಬಾಗುತ್ತಿದೆ, ಇನ್ನೊಂದು ಕಡ್ಡಿ ನೆಡುತ್ತೇನೆ.